ಯಾರದೋ ಸಾವಿಗೆ ಹೋಗುವ ನೆರಿಡಾ

ನೂರು ವರ್ಷದ ಚರ್ಚನ್ನು ಕೆಡವಲು ಹೊರಟರೆ ಊರೇ ಬೀದಿಗಿಳಿಯುತ್ತದೆ. ಅರವತ್ತು ವರ್ಷದ ಚರ್ಚನ್ನು ಕೆಡವಿದರೆ, ಆ ಜಾಗದಲ್ಲಿ ಎಷ್ಟು ಕಾರು ನಿಲ್ಲಿಸಬಹುದು ಎಂದು ಅದೇ ಊರು ಕೇಳುತ್ತದೆ. ಇದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಹಳೆಯದೆನ್ನಿಸಿಕೊಳ್ಳಲು ವಯಸ್ಸು ಸಾಲದ, ಹೊಸದೆನ್ನಿಸಿಕೊಳ್ಳಲು ಹೊಳಪು ಉಳಿಯದ ಕಟ್ಟಡಕ್ಕೆ ನಮ್ಮಲ್ಲಿ ದಿಕ್ಕಿಲ್ಲ.

ಅಡಿಲೇಡಿನಿಂದ ದೂರದ ಕಡೀನಾ ಎಂಬ ಸಣ್ಣ ಊರಿನ ನೆರಿಡಾ ಪ್ಯಾಸ್ಕೋ ಅಂಥವನ್ನೇ ಹುಡುಕಿಕೊಂಡು ಹೋಗುತ್ತಾಳೆ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಮಕ್ಕಳನ್ನು ಅಡಿಲೇಡಿನ ಮ್ಯೂಸಿಯಮ್ಮಿಗೆ ಬಿಟ್ಟು, ಅವರು ಹೊರಬರುವ ತನಕ ಅಡ್ಡಾಡುತ್ತಿದ್ದಾಗ ಹತ್ತಿದ ಹುಚ್ಚು ಇದು. ಮೊದಲ ಸಲ, ಮಾಡು ನೆಲದವರೆಗೂ ಇಳಿದಿದ್ದ ಚರ್ಚೊಂದನ್ನು ಈಜುಕೊಳವೆಂದು ತಿಳಿದು, ಒಳಗೆ ಹೂ ಜೋಡಿಸುತ್ತಿದ್ದವರನ್ನು ಟಿಕೆಟ್ ಎಷ್ಟೆಂದು ಕೇಳಿದ್ದಳು. ಆಮೇಲೆ ಮೆಲ್ಬರ್ನಿಗೆ ಹೋಗಲಿ, ಹೋಬಾರ್ಟಿಗೆ ಹೋಗಲಿ, ಬೋಳು ಇಟ್ಟಿಗೆಯ ಗೋಡೆ, ಬಾಗಿಸಿದ ಮರದ ತೊಲೆ, ಕಾಂಕ್ರೀಟಿನ ಜಾಲರಿ ಕಂಡರೆ ಕಾಲು ತಾನಾಗಿ ನಿಲ್ಲುತ್ತಿತ್ತು.

ತೊಡಕು ಒಂದೇ. ಭಾನುವಾರದ ಬೆಳಿಗ್ಗೆ ಬಿಟ್ಟರೆ ಇವಕ್ಕೆಲ್ಲ ಬೀಗ, ಅಷ್ಟು ಬೇಗ ಪಟ್ಟಣ ಮುಟ್ಟುವ ಬಸ್ಸು ಕಡೀನಾದಿಂದಿಲ್ಲ. ವಾರದ ನಡುವೆ ಬಾಗಿಲು ತೆಗೆಯುವುದು ಯಾರಾದರೂ ಸತ್ತಾಗ. ಹಾಗಾಗಿ ನೆರಿಡಾ ಪೇಪರಿನಲ್ಲಿ ಸಾವಿನ ಸುದ್ದಿ ನೋಡಿ, ಕಡುನೀಲಿ ಉಡುಪು ತೊಟ್ಟು, ಗುರುತಿಲ್ಲದವರ ಅಂತ್ಯಪ್ರಾರ್ಥನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಬರಿಗೈಯಲ್ಲಿ ಹೋಗುವಷ್ಟು ನಾಚಿಕೆಗೆಟ್ಟವಳಲ್ಲ. ಚಹಾದ ಮೇಜಿಗೆ ಒಂದು ತಟ್ಟೆ ಲ್ಯಾಮಿಂಗ್ಟನ್ ಕೇಕು ಒಯ್ಯುತ್ತಿದ್ದಳು. ಯಾರಾದರೂ ವಿಚಾರಿಸಿದರೆ "ಕೆಲಸದಲ್ಲಿ ಪರಿಚಯ" ಎಂದು ಜಾರಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಕ್ಲೆಮ್ ಲೀಬೆಲ್ಟ್ ಎಂಬ ಅಜ್ಜ ತೀರಿಕೊಂಡ. ಅಡಿಲೇಡಿನ ಅಂಚಿನ ಅವನ ಲೂಥರನ್ ಚರ್ಚನ್ನು ನೆರಿಡಾ ವರ್ಷಗಳಿಂದ ಹೊರಗಿನಿಂದಷ್ಟೇ ನೋಡಿದ್ದಳು. ಅದನ್ನು ಮಾರಬೇಕೋ ಬೇಡವೋ ಎಂದು ಚರ್ಚಿನ ಸದಸ್ಯರು ಬರುವ ಭಾನುವಾರ ಮತ ಹಾಕುವುದಾಗಿ ಗೇಟಿನಲ್ಲಿ ಚೀಟಿ ಅಂಟಿಸಿದ್ದರು. ಕೊಳ್ಳುವವನು ಕೆಡವುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಚೀಟಿಯಲ್ಲಿ ಮಾತ್ರ 'ಜಾಗದ ಸದ್ಬಳಕೆ' ಎಂದಿತ್ತು. ಕೆಡವುವವರಿಗೆ ಒಳ್ಳೆಯ ಮಾತಿಗೆ ಎಂದೂ ಬರವಿಲ್ಲ. ಒಳಗೆ ಹೋಗಲು ನೆರಿಡಾಗೆ ಈ ಸಾವೊಂದೇ ದಾರಿ ಉಳಿದಿತ್ತು.

ಪ್ರಾರ್ಥನೆ ಮುಗಿದು ಪಕ್ಕದ ಹಾಲಿನಲ್ಲಿ ಚಹಾ ಹಂಚುತ್ತಿದ್ದಾಗ ಕ್ಲೆಮ್‌ನ ಹೆಂಡತಿ ಎಡ್ನಾ ಅವಳ ಎದುರಿಗೇ ಬಂದು ನಿಂತಳು.

"ಎಲ್ರೂ ಪೆಟ್ಟಿಗೆ ನೋಡ್ತಿದ್ರೆ ನೀವೊಬ್ರು ಚಾವಣಿ ನೋಡ್ತಾ ಕೂತಿದ್ರಿ. ಕ್ಲೆಮ್ ಮೇಲಕ್ಕೆ ಹೋಗ್ತಿದ್ದಿದ್ದು ಕಾಣಿಸ್ತಾ?"

ಬಾಯಿಪಾಠದ ಸುಳ್ಳು ನಾಲಗೆ ತುದಿಗೆ ಬಂತು. ಆದರೆ ಅಳು ಒಣಗಿದ ಆ ಮುಖದ ಮುಂದೆ ಆಡಲಾಗಲಿಲ್ಲ.

"ನಂಗೆ ನಿಮ್ಮ ಯಜಮಾನ್ರು ಗೊತ್ತೇ ಇಲ್ಲ. ಚರ್ಚು ಒಳಗಿಂದ ಹೇಗಿದೆ ಅಂತ ನೋಡೋಕೆ ಬಂದೆ. ನೀವು ಮಾರಿಬಿಟ್ರೆ ಆಮೇಲೆಲ್ಲಿ ನೋಡ್ಲಿ?"

ಚರ್ಚು ಸಭೆಯ ಅಧ್ಯಕ್ಷ ಮರ್ವಿನ್ ಪಕ್ಕದಲ್ಲೇ ಇದ್ದ. "ಸಾವಿಗೆ ಪ್ರವಾಸ ಬಂದಿದೀರಾ? ಹೊರಡಿ ಮೊದ್ಲು."

"ಸುಮ್ನಿರೋ ಮರ್ವಿನ್. ಅವ್ರು ಕೇಕಾದ್ರೂ ತಂದಿದಾರೆ. ನೀನೇನು ತಂದೆ?"

"ಕುರ್ಚಿ ಹಾಕ್ದೆ," ಎಂದು ಗೊಣಗಿದ ಮರ್ವಿನ್.

ಎಡ್ನಾ ಮತ್ತೆ ಇವಳತ್ತ ತಿರುಗಿದಳು. "ಅಲ್ಲಾ, ಇದ್ರಲ್ಲಿ ನೋಡೋದೇನಿದೆ? ಒಳಗೆ ಕತ್ತಲು, ಚಳೀಲಿ ಕಾಲು ಸೆಟ್ಕೊಳ್ತವೆ. ಕ್ಲೆಮ್ ದನದ ಕೊಟ್ಟಿಗೆ ಅಂತಿದ್ದ."

"ಬನ್ನಿ, ತೋರಿಸ್ತೀನಿ," ಎಂದುಬಿಟ್ಟಳು ನೆರಿಡಾ.

ತೋರಿಸಬೇಕೆಂದುಕೊಂಡದ್ದು ಚಾವಣಿಯ ತೊಲೆಗಳನ್ನು. ಆದರೆ ಇಬ್ಬರೂ ಮತ್ತೆ ಚರ್ಚಿನೊಳಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಪಶ್ಚಿಮದ ಕಾಂಕ್ರೀಟು ಗೋಡೆಯಲ್ಲಿ ಹುದುಗಿಸಿದ್ದ, ಪ್ರಾರ್ಥನೆಯ ಹೊತ್ತಿನಲ್ಲಿ ಇದ್ದಿಲಿನಂತೆ ಕಂಡಿದ್ದ ದಪ್ಪ ಬಣ್ಣದ ಗಾಜಿನ ತುಂಡುಗಳು ಈಗ ಉರಿಯುತ್ತಿದ್ದವು. ಬೆಂಚುಗಳ ಮೇಲೆಲ್ಲ ಕೆಂಪು, ಹಳದಿ, ನೇರಳೆ.

ಎಡ್ನಾ ಮೆಲ್ಲಗೆ ಕುಳಿತಳು. "ಸಂಜೆ ಪ್ರಾರ್ಥನೆ," ಎಂದಳು. "ನಾನು ಹುಡುಗಿ ಆಗಿದ್ದಾಗ ನಾವು ಸಂಜೆ ಬರ್ತಿದ್ವಿ. ಟಿವಿ ಬಂತು ನೋಡಿ, ಜನ ಬರೋದು ಬಿಟ್ರು, ಬೆಳಿಗ್ಗೆದೊಂದೇ ಉಳೀತು." ಬೆಂಚಿನ ಮೇಲೆ ಬಿದ್ದ ಕೆಂಪನ್ನು ಬೆರಳಿನಿಂದ ಮುಟ್ಟಿ ನಕ್ಕಳು. "ಕ್ಲೆಮ್ ಮೊದಲನೇ ಸಲ ನನ್ನ ಪಕ್ಕ ಕೂತಾಗ ಅವನ ಕಿವಿ ಕೆಂಪಗಿತ್ತು. ಪಾಪ, ನಾಚ್ಕೊಂಡಿದಾನೆ ಅಂತ ಮದುವೆಗೆ ಒಪ್ಪಿದೆ. ಈ ಗಾಜು ನನ್ನ ಯಾಮಾರಿಸಿತ್ತು ಕಣ್ರೀ."

ಆ ದಿನ ಅವಳು ಸರಿಯಾಗಿ ಅತ್ತದ್ದು ಆಗಲೇ. ನೆರಿಡಾ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು.

ಸಂಜೆಗೆಂದು ಕಟ್ಟಿದ ಗೋಡೆಯನ್ನು ಒಂದು ತಲೆಮಾರಿಡೀ ಬೆಳಿಗ್ಗೆ ನೋಡಿ ಕತ್ತಲೆಂದು ಬೈದವರು ಇವರು. ಗೋಡೆಯದೇನು ತಪ್ಪು?

ಎಡ್ನಾ ಕಣ್ಣೊರೆಸಿಕೊಂಡು ಮರ್ವಿನ್‌ನನ್ನು ಕರೆದಳು. "ಓಟು ಬೆಳಿಗ್ಗೆ ಬೇಡ. ಸಂಜೆ ನಾಲ್ಕಕ್ಕೆ ಇಡು."

"ಆವತ್ತು ಫುಟ್‌ಬಾಲ್ ಇದೆ, ಎಡ್ನಾ."

"ಚರ್ಚು ಬೇಡದೋರು ಮ್ಯಾಚ್ ನೋಡ್ಲಿ ಬಿಡು. ನಿಂಗೆ ಯಾವ್ದು ಬೇಕು?"

ಭಾನುವಾರ ಮಧ್ಯಾಹ್ನವೆಲ್ಲ ಮೋಡ. ಮತವಿಲ್ಲದ ನೆರಿಡಾ ಹಿಂದಿನ ಬೆಂಚಿನಲ್ಲಿ ಬೆರಳು ಹಿಸುಕುತ್ತ ಕೂತಿದ್ದಳು. ಮರ್ವಿನ್ ಮಾರಾಟದ ಷರತ್ತು ಓದುತ್ತಿದ್ದಂತೆ ಮೋಡ ಸರಿದು ಅವನ ಬೋಳುತಲೆ ನೇರಳೆಯಾಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬೊಬ್ಬರೇ ಗೋಡೆಯ ಕಡೆ ತಿರುಗಿದರು, ಓದುತ್ತಿದ್ದವನೂ ನಿಲ್ಲಿಸಿ ತಿರುಗಿದ.

ಮಾರಾಟ ಒಂದು ವರ್ಷ ಮುಂದಕ್ಕೆ ಹೋಯಿತು. ಒಂದೇ ವರ್ಷ. ಎತ್ತಿದ ಕೈಗಳನ್ನು ಎಣಿಸಿದಾಗ ಅಂತರ ತೀರಾ ಕಡಿಮೆ.

ನಿಮ್ಮ ಬಡಾವಣೆಯಲ್ಲೂ ಇಂಥದೊಂದು ಇದೆ: ಚರ್ಚೋ, ಗ್ರಂಥಾಲಯವೋ, ಬಸ್ ನಿಲ್ದಾಣವೋ. ನಾಳೆ ಅದನ್ನು ಕೆಡವಲು ನಿಮ್ಮ ಒಪ್ಪಿಗೆ ಕೇಳುತ್ತಾರೆ. ಕೈ ಎತ್ತುವ ಮೊದಲು, ಕಟ್ಟಿದವರು ಅದನ್ನು ಯಾವ ಹೊತ್ತಿಗೆಂದು ಕಟ್ಟಿದರೋ ಆ ಹೊತ್ತಿನಲ್ಲಿ ಒಳಗೆ ಹೋಗಿ ಕುಳಿತು ಬನ್ನಿ.