ಗೊರಕೆ ನಿಂತ ಹೊತ್ತು

ಭಾಂಡುಪ್‌ನ ಆ ಚಾಳಿನ ಎರಡನೇ ಮಾಳಿಗೆಯಲ್ಲಿ ಯಾರಿಗೂ ಗಡಿಯಾರ ಬೇಕಿರಲಿಲ್ಲ. ಪೂವಪ್ಪನ ಗೊರಕೆ ಶುರುವಾಯಿತೆಂದರೆ ಬೆಳಿಗ್ಗೆ ಒಂಬತ್ತಾಯಿತೆಂದೇ ಲೆಕ್ಕ. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಅವನಿಗೆ ಯಾವಾಗಲೂ ರಾತ್ರಿ ಪಾಳಿ, ನಿದ್ದೆಯೆಲ್ಲ ಹಗಲಿಗೆ. ಹೆಂಡತಿ ಶೀಲಾವತಿ ಅವನ ಪಕ್ಕದಲ್ಲೇ ಕುಳಿತು ಕಂಡವರ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಹತ್ತಡಿ ಕೋಣೆಯಲ್ಲಿ ಬೇರೆಲ್ಲಿ ಕೂರುವುದು?

"ನಿಮ್ಮ ಮನೀ ಗಿರಣಿ ಇವತ್ತ ಭಾಳ ಜೋರ್ ನಡದದ ನೋಡ್ರಿ," ಎಂದು ಪಕ್ಕದ ಕೋಣೆಯ ಧಾರವಾಡದ ವಿನೋದಿನಿ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ನಗುತ್ತಿದ್ದಳು. ಶೀಲಾವತಿಯೂ ನಗುತ್ತಿದ್ದಳು, ಒಳಗೊಳಗೆ ನಾಚಿಕೆಪಡುತ್ತ.

ಆಗಾಗ ಆ ಗೊರಕೆ ತಟ್ಟನೆ ನಿಲ್ಲುತ್ತಿತ್ತು. ಈಗ ಬಂತು ನಿಜವಾದ ನಿದ್ದೆ, ಪಾಪ, ಮಲಗಲಿ ಎಂದುಕೊಂಡು ಶೀಲಾವತಿ ಬಳೆಗಳನ್ನು ಸದ್ದಾಗದಂತೆ ಮೊಣಕೈವರೆಗೆ ಏರಿಸಿ, ಸೂಜಿ ಹಿಡಿದ ಕೈಯನ್ನೂ ಅಲ್ಲಾಡಿಸದೆ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವನು ಗಕ್ಕನೆ ಉಸಿರೆಳೆದು, ಕೈಕಾಲು ಒದರಿ, ಮತ್ತೆ ಗೊರಕೆಗೆ ಬೀಳುತ್ತಿದ್ದ. ಛೆ, ನಿದ್ದೆ ಕೆಟ್ಟಿತಲ್ಲ ಎಂದು ಇವಳಿಗೆ ಬೇಸರ. ಎಂಥ ಪ್ರೀತಿ, ಎಂಥ ಪೆದ್ದುತನ! ಅವನನ್ನು ಬದುಕಿಸುತ್ತಿದ್ದುದೇ ಆ ಒದ್ದಾಟ ಎಂದು ಅವಳಿಗೆ ಹೇಳುವವರು ಯಾರಿದ್ದರು?

ಎಂಟು ಗಂಟೆ ಮಲಗಿ ಎದ್ದರೂ ಪೂವಪ್ಪನ ಮುಖ ಪೆಟ್ಟು ತಿಂದವನ ಹಾಗೆ ಇರುತ್ತಿತ್ತು. ತಲೆನೋವು, ಸಿಡುಕು, ಚಹಾದ ಲೋಟ ಹಿಡಿದಲ್ಲೇ ತೂಕಡಿಕೆ. ನಲವತ್ತೈದಕ್ಕೆ ಹೊಟ್ಟೆ ಬಂದು ಕುತ್ತಿಗೆ ದಪ್ಪವಾಗಿತ್ತು. ಸುಖವಾಗಿದ್ದಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಜನಕ್ಕೇನು, ಬಾಯಿಗೆ ಬಂದದ್ದು ಹೇಳುತ್ತದೆ.

ಎಂಬತ್ತೆಂಟರ ಮಳೆಗಾಲದ ಒಂದು ಸಂಜೆ ದೂಜ ಬಂದ. ಊರ ಕಡೆಯವನು, ಅದೇ ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ನಿಂತು ತೊಲೆಗಳಿಗೆ ಸರಪಳಿ ಬಿಗಿಯುವವನು. ಪೂವಪ್ಪ ಸ್ನಾನಕ್ಕೆ ಹೋಗಿದ್ದ. ಅದನ್ನೇ ಕಾದವನಂತೆ ದೂಜ ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ ಹೇಳಿದ.

"ಅಕ್ಕ, ನಿನ್ನೆ ಮೂರು ಸಲ ಸೀಟಿ ಊದಿದೆ. ಪೂವಪ್ಪಣ್ಣನಿಗೆ ಕೇಳ್ಲೇ ಇಲ್ಲ. ಎರಡು ಟನ್ನಿನ ತೊಲೆ ನನ್ನ ತಲೆ ಮೇಲೆ ಇಷ್ಟೇ ಉಳಿದದ್ದು." ಗೇಣು ಅಳೆದು ತೋರಿಸಿದ. "ಹತ್ತಿ ನೋಡಿದ್ರೆ ಲಿವರ್ ಹಿಡ್ಕೊಂಡೇ ನಿದ್ದೆ! ಕುಡಿದು ಬರ್ತಾರೆ ಅಂತ ಫೋರ್‌ಮನ್ ಮೊದಲೇ ಒಂದು ಸಲ ಮೇಲಿನವರಿಗೆ ಬರ್ದಾಗಿದೆ. ಇದನ್ನ ನಾನು ಯಾರಿಗೂ ಹೇಳ್ಲಿಲ್ಲ. ಆದ್ರೆ ಇನ್ನೊಂದು ಸಲ ಆದ್ರೆ ಹೇಳ್ಲಿಕ್ಕೆ ನಾನೇ ಇರುದಿಲ್ಲ."

ಪೂವಪ್ಪ ಹೆಂಡ ಮುಟ್ಟಿದವನೇ ಅಲ್ಲ. ಶೀಲಾವತಿಗೆ ತೋಚಿದ್ದು ಒಂದೇ: ಇವರಿಗೆ ಇನ್ನೂ ಗಟ್ಟಿ ನಿದ್ದೆ ಬೇಕು. ಹಾಲಿನಲ್ಲಿ ಜಾಯಿಕಾಯಿ ತೇಯ್ದು ಕುಡಿಸಿದಳು. ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ಚಾಳಿನ ಅಂಗಳದಲ್ಲಿ ಮಂಟಪ, ಮಂಟಪದ ಕಂಬಕ್ಕೆ ಲೌಡ್‌ಸ್ಪೀಕರು, ಅದರ ಬಾಯಿ ನೇರ ಇವರ ಕಿಟಕಿಗೆ. ಮೊದಲ ದಿನ ಪೂವಪ್ಪನಿಗೆ ರೆಪ್ಪೆ ಮುಚ್ಚಲಾಗಲಿಲ್ಲ. ಎರಡನೇ ದಿನ ರಸ್ತೆ ಕೂಡುವ ನಾಕಾದ ದವಾಖಾನೆಯ ಕಂಪೌಂಡರನಿಂದ ನಿದ್ದೆಮಾತ್ರೆ ತಂದು, ಒಂದರ ಬದಲು ಎರಡು ನುಂಗಿ ಮಲಗಿದ.

ಶೀಲಾವತಿ ಸೀರೆ ಹಿಡಿದು ಕೂತಳು. ಹಾಡಿನ ಅಬ್ಬರದಲ್ಲಿ ಗೊರಕೆ ಕೇಳುತ್ತಿರಲಿಲ್ಲ. ಅದು ಕೇಳದೆ ಹೋದಾಗಲೇ ತಾನು ಇಷ್ಟು ವರ್ಷ ಅದಕ್ಕೆ ಕಿವಿಗೊಟ್ಟೇ ಬದುಕಿದ್ದೆನೆಂದು ಅವಳಿಗೆ ಗೊತ್ತಾದದ್ದು. ತಿರುಗಿ ನೋಡಿದಳು. ಹೊಟ್ಟೆ ಏರಿಳಿಯುತ್ತಿತ್ತು. ಸಮಾಧಾನದಿಂದ ಎರಡು ಹೊಲಿಗೆ ಹಾಕಿದಳು. ಮತ್ತೆ ನೋಡಿದಳು. ಹೊಟ್ಟೆ ಏರಿಳಿಯುತ್ತಲೇ ಇತ್ತು, ಆದರೆ ತುಟಿ ನೇರಳೆ ತಿಂದವನಂತೆ ಕಪ್ಪಾಗಿತ್ತು.

ಹಲ್ಲಿನಿಂದ ದಾರ ಕಡಿದು ಅವನ ಮೂಗಿನ ಕೆಳಗೆ ಹಿಡಿದಳು. ದಾರ ಅಲ್ಲಾಡಲಿಲ್ಲ. ಎದೆ ಎಳೆಯುತ್ತಿದೆ, ಹೊಟ್ಟೆ ಕುಣಿಯುತ್ತಿದೆ, ಮೂಗಿನಲ್ಲಿ ಮಾತ್ರ ಗಾಳಿಯಿಲ್ಲ. ಈಗ ಒದರುತ್ತಾರೆ, ಈಗ ಏಳುತ್ತಾರೆ ಎಂದು ಎಣಿಸತೊಡಗಿದಳು. ಇಪ್ಪತ್ತಾಯಿತು, ಮೂವತ್ತಾಯಿತು. ದಾರ ನೆಟ್ಟಗೆ ತೂಗುತ್ತಲೇ ಇತ್ತು. "ಇವರೇ! ಏಳಿ, ಇವರೇ!" ಎಂದು ಕಿರುಚಿದರೆ ಅವಳ ದನಿ ಅವಳಿಗೇ ಕೇಳಲಿಲ್ಲ. ಹುಟ್ಟಿದ ಮೇಲೆ ಎಂದೂ ಗಂಡಸಿನ ಮೇಲೆ ಕೈಯೆತ್ತದವಳು ಎರಡೂ ಕೆನ್ನೆಗೆ ಬಾರಿಸಿದಳು. ಕೊನೆಗೆ ಕುಡಿಯುವ ನೀರಿನ ಕೊಡವನ್ನೇ ಅವನ ಮುಖದ ಮೇಲೆ ಬಗ್ಗಿಸಿದಳು. ಪೂವಪ್ಪ ಬಾವಿಯಿಂದ ಮೇಲೆ ಬಂದವನ ಹಾಗೆ ಬಾಯ್ತೆರೆದು ಉಸಿರೆಳೆದ. ಶೀಲಾವತಿ ಒದ್ದೆ ಹಾಸಿಗೆಯ ಮೇಲೇ ಕುಸಿದು ಕೂತು ಅತ್ತಳು.

ದೊಡ್ಡಾಸ್ಪತ್ರೆಯಲ್ಲಿ ಮೈಸೂರು ಕಡೆಯ ಡಾಕ್ಟರು ಸಿಕ್ಕಿದ್ದು ಪುಣ್ಯ. ವೆಂಕಟಸುಬ್ಬಯ್ಯ ಎಂದು ಹೆಸರು. ಅವರು ರೋಗಿಯನ್ನು ಬಿಟ್ಟು ಅವಳನ್ನೇ ಕೇಳಿದರು.

"ಎಷ್ಟು ಹೊತ್ತು ಉಸಿರು ನಿಲ್ಲುತ್ತಮ್ಮ?"

"ಮೂವತ್ತೇಳು ಎಣಿಸಿದೆ, ಡಾಕ್ಟ್ರೇ. ಮೊದ್ಲೂ ನಿಲ್ತಿತ್ತು. ಒಳ್ಳೆ ನಿದ್ದೆ ಬಂತು ಅಂತ ನಾನು ಸುಮ್ನೆ ಕೂತ್ಕೊಳ್ತಿದ್ದೆ."

"ನಿಮ್ಮ ತಪ್ಪಲ್ಲಮ್ಮ. ನಮ್ಮ ಎಷ್ಟೋ ಡಾಕ್ಟರುಗಳಿಗೇ ಇದು ಗೊತ್ತಿಲ್ಲ," ಎಂದರು ಅವರು. ಮಲಗಿದಾಗ ಗಂಟಲು ಮುಚ್ಚಿಕೊಳ್ಳುತ್ತದೆ, ನಿದ್ದೆಮಾತ್ರೆ ಇವರಿಗೆ ವಿಷ. ಮೂಗಿಗೆ ಗಾಳಿ ಒತ್ತುವ ಯಂತ್ರ ಪರದೇಶದಲ್ಲಿ ಬಂದಿದೆ, ತಾನೂ ಪುಸ್ತಕದಲ್ಲಷ್ಟೇ ನೋಡಿದ್ದು. ಸದ್ಯಕ್ಕೆ ತೂಕ ಇಳಿಸಬೇಕು, ರಾತ್ರಿ ಪಾಳಿ ಬಿಡಬೇಕು, ಅಂಗಾತ ಮಲಗಲೇಬಾರದು. ಬನಿಯನ್ನಿನ ಬೆನ್ನಿಗೆ ಒಂದು ಚೆಂಡು ಹೊಲಿದುಬಿಡಿ, ಹೊರಳಿದರೆ ಒತ್ತುತ್ತದೆ. ಗುಣ ಕಾಣಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಕ್ರೇನ್ ಹತ್ತಕೂಡದು ಎಂದು ಚೀಟಿ ಬರೆದುಕೊಟ್ಟರು.

ಚೀಟಿಯನ್ನು ಪೂವಪ್ಪ ಟ್ರಂಕಿನ ತಳಕ್ಕೆ ಸೇರಿಸಿದ.

"ಕೊಡುದಿಲ್ವಾ?"

"ಇಪ್ಪತ್ತು ವರ್ಷ ಮೇಲೆ ಕೂತವ ನಾನು. ಈಗ ಕೆಳಗಿಳಿದು ಕಸ ಗುಡಿಸ್ಬೇಕಾ? ನೀನು ಬಾಯಿ ಮುಚ್ಚು."

ಶೀಲಾವತಿ ಪೇಟೆಗೆ ಹೊರಟಳು. ಸ್ಟೇಷನ್ ಬಳಿಯಿಂದ ಟೆನಿಸ್ ಚೆಂಡು ತಂದು, ಫಾಲ್‌ನ ತುಂಡಿನಲ್ಲಿ ಚೀಲ ಮಾಡಿ ಬನಿಯನ್ನಿಗೆ ಹೊಲಿದಳು. ಮೂರು ದಿನ ಅವನು ಗೊಣಗುತ್ತಲೇ ಮಗ್ಗುಲಾಗಿ ಮಲಗಿದ. ಗೊರಕೆ ತಗ್ಗಿತು, ಮುಖಕ್ಕೆ ಸ್ವಲ್ಪ ಗೆಲುವು ಬಂತು. ಆದರೂ ಸಂಜೆಯ ಚಹಾದ ಹೊತ್ತಿಗೆ ಲೋಟ ಕೈಯಿಂದ ಜಾರಿತು. ಅವಳ ಕಣ್ಣಿಗೆ ಕಂಡದ್ದು ದೂಜ ಅಳೆದು ತೋರಿಸಿದ ಗೇಣು. ಪೂವಪ್ಪ ಸ್ನಾನಕ್ಕೆ ಹೋದೊಡನೆ ಟ್ರಂಕು ತೆರೆದು ಚೀಟಿ ತೆಗೆದುಕೊಂಡಳು. ಎರಡು ಗಲ್ಲಿ ಓಡಿ ದೂಜನ ಕೈಗಿತ್ತಳು.

"ಫೋರ್‌ಮನ್‌ಗೆ ಕೊಡು. ನಾನೇ ಕೊಟ್ಟದ್ದು ಅಂತ ಹೇಳು, ಅಡಗಿಸ್ಬೇಡ."

ಪೂವಪ್ಪನನ್ನು ಅಂದೇ ಕ್ರೇನಿನಿಂದ ಇಳಿಸಿ, ಹಗಲು ಪಾಳಿಯಲ್ಲಿ ಸ್ಟೋರಿಗೆ ಹಾಕಿದರು. ಮನೆಗೆ ಬಂದವನು ಬನಿಯನ್ ಕಿತ್ತು ಮೂಲೆಗೆಸೆದು, ಹಟಕ್ಕೆ ಅಂಗಾತ ಮಲಗಿದ. ಶೀಲಾವತಿ ಪಕ್ಕದಲ್ಲಿ ಕೂತು, ಗೊರಕೆ ನಿಂತಾಗಲೆಲ್ಲ ಅವನ ಭುಜಕ್ಕೆ ಕೈಕೊಟ್ಟು ಮಗ್ಗುಲಿಗೆ ಹೊರಳಿಸಿದಳು. ನಾಲ್ಕು ರಾತ್ರಿ ಹೀಗೇ ಬೆಳಗಾಯಿತು. ಹಗಲು ಸೂಜಿ ಹಿಡಿದರೆ ಬೆರಳಿಗೇ ಚುಚ್ಚಿಕೊಳ್ಳುತ್ತಿತ್ತು. ವಿನೋದಿನಿ ಒತ್ತಾಯ ಮಾಡಿ ಅವಳ ಕೈಯಿಂದ ಸೀರೆ ಕಿತ್ತಿಟ್ಟಳು.

ಐದನೆಯ ರಾತ್ರಿ ಪೂವಪ್ಪ ಮೂಲೆಯಿಂದ ಬನಿಯನ್ ಎತ್ತಿ, ಕೊಡವಿ, ಅವಳ ಮಡಿಲಿಗಿಟ್ಟ. ಎಸೆದ ರಭಸಕ್ಕೆ ಚೀಲದ ಒಂದು ಅಂಚು ಬಿಚ್ಚಿತ್ತು.

"ಹೊಲಿಗೆ ಬಿಟ್ಟಿದೆ. ಗಟ್ಟಿಯಾಗಿ ಹಾಕು," ಎಂದ. ಮುಖ ನೋಡಲಿಲ್ಲ. "ನಿನಗೂ ನಿದ್ದೆ ಬೇಕಲ್ಲ."

ಶೀಲಾವತಿ ದಾರವನ್ನು ಎರಡೆಳೆ ಮಾಡಿ ಸೂಜಿಗೆ ಪೋಣಿಸಹೊರಟಳು. ಕಣ್ಣು ತುಂಬಿಕೊಂಡು ಮೂರು ಸಲ ತಪ್ಪಿತು.