ಬಿಳಿ ಹಾಳೆಯ ಮೇಲಿನ ಹೆಬ್ಬೆಟ್ಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರ ಏಟು ತಿಂದವರು ಸಿದ್ದಗಂಗಮ್ಮ, ತುಮಕೂರಿನ ಸತ್ಯಮಂಗಲದಲ್ಲಿರುವ ನಮ್ಮ ಸಣ್ಣ ಲ್ಯಾಬಿನ ಸಹಾಯಕಿ. ಹುಟ್ಟೂರು ಹಾಗಲವಾಡಿ, ಗಂಡನ ಮನೆ ಗುಬ್ಬಿ. ಒಂಬತ್ತು ವರ್ಷದಿಂದ ಬೆಳಗಿನ ರೈಲಿಗೆ ತುಮಕೂರಿಗೆ ಬಂದು, ಟ್ರೇ, ಗಾಜಿನ ಸಾಮಾನು ತೊಳೆದು, ನಮಗೆಲ್ಲ ಬೈದು, ಸಂಜೆ ರೈಲಿಗೆ ವಾಪಸ್. ಸೋಮವಾರ ಮಾತ್ರ ಬೈಗುಳದ ಜೊತೆಗೆ ಪಂಚಾಮೃತ. ಮನೆಯಲ್ಲಿ ಶಿವಪೂಜೆ ಮುಗಿಸಿ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಕೈಯನ್ನು ಪ್ಯಾಂಟಿಗೆ ಒರೆಸಿ ಕೆಲಸಕ್ಕೆ ಹೋಗುವುದು ನನ್ನ ಪದ್ಧತಿ.

ನನ್ನ ಕೆಲಸ ಇಷ್ಟೇ: ಪ್ರೋಟೀನುಗಳನ್ನು ಜೆಲ್‌ನಿಂದ ಕಾಗದದಂಥ ಬಿಳಿ ಮೆಂಬ್ರೇನ್‌ಗೆ ಇಳಿಸಿ, ಅದರ ಮೇಲೆ ಆ್ಯಂಟಿಬಾಡಿ ಹಾಕುವುದು. ಅದು ಬೇಕಾದ ಪ್ರೋಟೀನನ್ನು ಹುಡುಕಿ ಹಿಡಿದರೆ ಚಿತ್ರದಲ್ಲೊಂದು ಕಪ್ಪು ಗೆರೆ ಮೂಡುತ್ತದೆ. ಆದರೆ ಎರಡು ತಿಂಗಳಿಂದ ವಾರಕ್ಕೊಂದು ಚಿತ್ರದಲ್ಲಿ ಕೊನೆಯ ಸಾಲಿನ ಮೇಲೆ ಮಸಿಯಂಥ ಕಲೆ. ನಾನು ಸೀದಾ ಲ್ಯಾಬಿನ ಒಡತಿ ಶಾಂತಲಾ ಮೇಡಂ ಬಳಿ ಹೋಗಿ, “ಗಂಗಮ್ಮ ಟ್ರೇ ಸರಿಯಾಗಿ ತೊಳೀತಿಲ್ಲ ಮೇಡಂ” ಎಂದು ಚಾಡಿ ಹೇಳಿದೆ. ಮೇಡಂ ಬಲು ಖಡಕ್. “ಇನ್ನೊಂದು ಹಾಳಾದ್ರೆ ಒಂದನೇ ತಾರೀಖಿಂದ ಬೇರೆಯವರನ್ನ ನೋಡ್ಕೋತೀನಿ” ಎಂದುಬಿಟ್ಟರು, ಗಂಗಮ್ಮನ ಎದುರಿಗೇ.

ಗಂಗಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಏನಪ್ಪಾ ಚನ್ನೇಶ, ಒಗ್ಗರಣೆ ಹಾಕೋಕ್ ಮುಂಚೆ ಬೇಳೆ ಬೆಂದೈತಾ ಅಂತ ನೋಡಲ್ವಾ? ನೀನು ಆ ಬಿಳೀ ಹಾಳೆ ನೋಡ್ದಲೇ ಔಷ್ದಿ ಸುರೀತೀಯಾ. ಹೊಸ ಬಣ್ಣದ ಬಾಟ್ಲಿ ಬಂದು ಹದಿನೈದು ದಿನ ಆಯ್ತು, ಫ್ರಿಜ್ಜಲ್ಲಿಟ್ಟು ಪೂಜೆ ಮಾಡ್ತಿದೀಯಾ?”

ಆ ಬಣ್ಣ ಹಾಕಿದರೆ ಮೆಂಬ್ರೇನ್ ಮೇಲಿನ ಪ್ರೋಟೀನೆಲ್ಲ ಚಿತ್ರ ತೆಗೆಯುವ ಮೆಷಿನ್ನಿನ ಬೆಳಕಿಗೆ ಹೊಳೆಯುತ್ತದೆ. ಫೋಟೋ ತೆಗೆದು ಬಣ್ಣ ತೊಳೆದರೆ ಆಮೇಲಿನ ಆ್ಯಂಟಿಬಾಡಿಗೆ ಅಡ್ಡಿಯಿಲ್ಲ. “ಸರಿ, ಸೋಮವಾರ ನನ್ನ ಮುಂದೇನೇ ಆಗ್ಲಿ” ಎಂದರು ಮೇಡಂ.

ಸೋಮವಾರ ಪ್ರೋಟೀನ್ ಇಳಿಯುವ ಹೊತ್ತಿನಲ್ಲಿ ಎಂದಿನಂತೆ ಪಂಚಾಮೃತವಾಯಿತು. ಟ್ರೇಯನ್ನು ಮೇಡಂ ತಾವೇ ನಿಂತು ಸಿಂಕಿನಲ್ಲಿ ತೊಳೆದರು. ಗ್ಲೌಸ್ ಹಾಕಿದರೆ ಹಿಡಿತ ಸಿಗುವುದಿಲ್ಲವೆಂದು ನಾನು ಮೆಂಬ್ರೇನನ್ನು ಬರಿಗೈಯಲ್ಲೇ, ಅಂಚು ಹಿಡಿದು ಎತ್ತಿದೆ. ಬಣ್ಣ ಹಾಕಿ ಮೆಷಿನ್ನಿಗೆ ಇಟ್ಟೆ.

ಪರದೆಯ ಮೇಲೆ ಪ್ರೋಟೀನ್ ಸಾಲುಗಳು ಫಳಫಳ ಹೊಳೆದವು. ಕೊನೆಯ ಸಾಲಿನ ಮೇಲೆ, ಅಯ್ಯೋ ಶಿವನೇ, ಒಂದು ಹೆಬ್ಬೆಟ್ಟು! ತಾಲ್ಲೂಕು ಕಚೇರಿಯಲ್ಲಿ ಒತ್ತಿಸಿಕೊಂಡಷ್ಟು ಸ್ಪಷ್ಟ. ನಡುವೆ ಒಂದು ಓರೆ ಗೀಟು. ಕುಣಿಗಲ್‌ನಲ್ಲಿ ಚಿಕ್ಕವನಿದ್ದಾಗ ಹಲಸಿನಹಣ್ಣು ಕೊಯ್ಯಲು ಹೋಗಿ ಕುಯ್ದುಕೊಂಡ ಗಾಯದ ಗೀಟು ಅದು. ನನ್ನ ಬಲಗೈ ಹೆಬ್ಬೆರಳಿನ ಮೇಲೆ ಈಗಲೂ ಇದೆ.

“ಯಾರ್ದಿದು?” ಎಂದರು ಮೇಡಂ. ಗಂಗಮ್ಮ ನನ್ನ ಬಲಗೈ ಕಡೆ ನೋಡಿದರು. ಅದು ಆಗಲೇ ಜೇಬು ಸೇರಿತ್ತು. ಒಬ್ಬ ಹೆಂಗಸಿನ ಒಂಬತ್ತು ವರ್ಷದ ಕೆಲಸ ನನ್ನ ಜೇಬಿನೊಳಗಿದೆ ಅನ್ನಿಸಿ ನಾಚಿಕೆಯಿಂದ ಸತ್ತೇಹೋದೆ. ಕೈ ಹೊರಗೆ ತೆಗೆದೆ.

“ನಂದು ಮೇಡಂ. ಹಾಳಾದವೆಲ್ಲ ಸೋಮವಾರದ್ದೇ. ಪಂಚಾಮೃತ ತಿಂದು ಕೈ ತೊಳೀದೆ ಮುಟ್ಟಿದ್ದೀನಿ. ಅದ್ರಲ್ಲಿರೋ ಹಾಲು-ಮೊಸರಲ್ಲೂ ಪ್ರೋಟೀನೇ ಅಲ್ವಾ. ಗಂಗಮ್ಮಂದು ಏನೇನೂ ತಪ್ಪಿಲ್ಲ.”

ಮೇಡಂ ನನ್ನನ್ನು ಬೈದದ್ದು ಬರೆಯುವಂಥದ್ದಲ್ಲ. ಆಮೇಲೆ ಗ್ಲೌಸಿನ ಡಬ್ಬಿಯನ್ನು ಗಂಗಮ್ಮನ ಕೈಗೆ ಕೊಟ್ಟು, “ತಪ್ಪಾಯ್ತು ಗಂಗಮ್ಮ. ನೀವೆಲ್ಲೂ ಹೋಗ್ಬೇಡಿ. ಇನ್ಮೇಲೆ ಇವನ ಕೈ ನೋಡಿ ಒಳಗೆ ಬಿಡಿ” ಎಂದರು.

“ಗೊತ್ತಾಗಿತ್ತಲ್ಲ ಗಂಗಮ್ಮ, ಯಾಕೆ ಹೇಳ್ಲಿಲ್ಲ?” ಎಂದು ಆಮೇಲೆ ಕೇಳಿದೆ.

“ನೀನೇ ಹೇಳ್ತೀಯಾ ಅಂತ ಕಾದೆ ಕಣಪ್ಪ. ಹೇಳ್ದಿದ್ರೆ ಬುಡ್ತಿದ್ನಾ? ಜೇಬಿಂದ ಕೈ ಎಳ್ದು ಮೇಡಂ ಮೇಜಿನ್ ಮ್ಯಾಲೆ ಒತ್ತಿಸ್ತಿದ್ದೆ!”

ಮುಂದಿನ ಸೋಮವಾರ ಅಭ್ಯಾಸಬಲದಿಂದ ಅಂಗೈ ಚಾಚಿದೆ. ಗಂಗಮ್ಮ ಅದರ ಮೇಲೆ ಚಮಚದಲ್ಲೇ ಒಂದು ಬಾರಿಸಿದರು.

“ಕೈ ಹಿಂದಕ್ಕೆ ಕಟ್ಕೊ. ಬಾಯ್ ತೆಗಿ.”

ತೆಗೆದೆ.