ನಡುವಿಗೆ ಸೀಳುತ್ತಿದ್ದ ಚಾಪೆ

ಬಡವರ ಕೇರಿಯ, ಚಾಳಿನ ಕಷ್ಟದ ಸಿನಿಮಾ ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಈಗಲೂ ರೇಗುತ್ತದೆ. "ಬರೀ ಅಳು ಮಾರಾಯ್ರೆ, ಟಿಕೇಟು ಕೊಟ್ಟು ಅಳಲಿಕ್ಕೆ ಹೋಗಬೇಕಾ?" ಎನ್ನುತ್ತಾರೆ. ನನ್ನ ಅಮ್ಮ ಅಂಥ ಒಂದು ಸಿನಿಮಾ ನೋಡುತ್ತ ಒಂದು ಹನಿಯೂ ಕಣ್ಣೀರು ಹಾಕಲಿಲ್ಲ. ಆದರೆ ಅದನ್ನು ನೋಡಿ ಬಂದ ಮೇಲೆ ನಮ್ಮ ಮನೆಯಲ್ಲಿ ಚಾಪೆಯ ಅಳತೆ ಬದಲಾಯಿತು.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಉದ್ಯಾವರದಲ್ಲಿ. ಅಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಅಡಿಗೆಗಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಅಮ್ಮನಿಗೆ ಓದು ಬರಹ ಇರಲಿಲ್ಲ. ಮನೆಯ ಮಾತು ತುಳು, ಕಾಗದ ಕನ್ನಡದಲ್ಲಿ. ಅದನ್ನು ಓದಿ ಹೇಳುವವಳೂ ಉತ್ತರ ಬರೆಯುವವಳೂ ನಾನೇ. ಅಪ್ಪನ ಕಾಗದಗಳಲ್ಲಿ ರೂಮು ದೊಡ್ಡದಿತ್ತು, ನೀರಿನ ನಳ್ಳಿ ಒಳಗೇ ಇತ್ತು, ಮಲಗಲು ಅಗಲದ ಮಂಚವಿತ್ತು. "ಆ ಮಂಚದ ಸಾಲು ಇನ್ನೊಮ್ಮೆ ಓದು" ಎಂದು ಅಮ್ಮ ಕೇಳುತ್ತಿದ್ದಳು.

ಆ ಮಂಚಕ್ಕೆಂದೇ ಅವಳು ಚಾಪೆ ಹೆಣೆಯುತ್ತಿದ್ದಳು. ಹೊಳೆಬದಿಯ ಕೇದಗೆಯ ಎಲೆ ಕೊಯ್ದು, ಮುಳ್ಳು ಸವರಿ, ಬೇಯಿಸಿ, ಒಣಗಿಸಿ, ಸಣ್ಣಗೆ ಸೀಳಿ ಹೆಣೆಯುವ ಕೆಲಸ. ಕೈತುಂಬ ಗೀರುಗಳು. ಅಗಲ ಮೂರೂವರೆ ಮೊಳ. ಬೊಂಬಾಯಿಗೆ ಹೋಗುವ ಊರವರ ಕೈಯಲ್ಲಿ ಅದನ್ನು ಸುತ್ತಿ ಕಳುಹಿಸುತ್ತಿದ್ದಳು. ಅಪ್ಪ ರಜೆಗೆ ಬರುವಾಗ ಹಳೆಯ ಚಾಪೆಯಲ್ಲೇ ಸಾಮಾನು ಕಟ್ಟಿಕೊಂಡು ಬರುತ್ತಿದ್ದರು. ಪ್ರತಿ ಸಲವೂ ಅದು ಸರಿಯಾಗಿ ನಡುವಿಗೆ, ತಲೆಯಿಂದ ಕಾಲಿನವರೆಗೆ ಉದ್ದಕ್ಕೆ ಸೀಳಿರುತ್ತಿತ್ತು.

"ಬೊಂಬಾಯಿಯ ಹವೆ ಹಾಗೆ" ಎನ್ನುತ್ತಿದ್ದರು ಅಪ್ಪ.

"ಹವೆಯೂ ಅಲ್ಲ, ಎಂತದೂ ಅಲ್ಲ. ಎಲೆ ಸರಿ ಬೇಯಲಿಲ್ಲ, ನನ್ನದೇ ತಪ್ಪು" ಎಂದು ಅಮ್ಮ ಮುಂದಿನ ಸಲ ಎಲೆಗಳನ್ನು ಇನ್ನಷ್ಟು ಹೊತ್ತು ಬೇಯಿಸುತ್ತಿದ್ದಳು.

ಊರಿನಲ್ಲಿ ಮಧ್ಯಾಹ್ನ ಊಟ ಮುಗಿಸಿ ಮಲಗಿದಾಗ ಅಪ್ಪ ಚಾಪೆಯ ಒಂದು ಅಂಚಿನಲ್ಲಿ, ಕೈಕಾಲು ಚಾಚದೆ, ಮಗ್ಗುಲಾಗಿ ಮಲಗುತ್ತಿದ್ದರು. ಇಷ್ಟಗಲ ಹೆಣೆದದ್ದು ಬೆಕ್ಕಿಗಾ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು.

ಒಂದು ಭಾನುವಾರ ನೆರೆಮನೆಯ ಹೆಂಗಸರೊಂದಿಗೆ ನಾವಿಬ್ಬರೂ ಉಡುಪಿಗೆ ಮ್ಯಾಟಿನಿಗೆ ಹೋದೆವು. ಹಿಂದಿ ಸಿನಿಮಾ. ನಾನಾಗ ಹಿಂದಿಯ ಮೊದಲ ಪರೀಕ್ಷೆ ಪಾಸಾದವಳು. ನನ್ನ ಗತ್ತು ಕೇಳಬೇಡಿ. ಹೆಂಗಸರ ಬೆಂಚಿನಲ್ಲಿ ನನ್ನನ್ನು ನಡುವೆ ಕೂರಿಸಿ, ಕೈಗೊಂದು ಚರುಂಬುರಿಯ ಪೊಟ್ಟಣ ಕೊಟ್ಟರು. ಪರದೆಯ ಮಾತನ್ನು ತುಳುವಿನಲ್ಲಿ ಹೇಳುತ್ತ ಹೋಗುವುದು ನನ್ನ ಕೆಲಸ.

ಕಥೆ ಬೊಂಬಾಯಿಯದು. ಹಳ್ಳಿಯಿಂದ ಬಂದವನೊಬ್ಬ ಚಾಳಿನ ಒಂದು ಖೋಲಿ ಸೇರುತ್ತಾನೆ. ಅಲ್ಲಿ ಆಗಲೇ ಎಂಟು ಜನ. ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು. ಒಬ್ಬೊಬ್ಬನಿಗೆ ಒಂದೊಂದು ಪಟ್ಟಿ. ಇವನು ಊರಿನ ಚಾಪೆ ಬಿಡಿಸಿದರೆ ಅದು ಆಚೀಚೆ ಇಬ್ಬರ ಗೆರೆ ದಾಟಿತು. ಎಲ್ಲರೂ ನಕ್ಕರು. ಒಬ್ಬ ಮುದುಕ ಎದ್ದು ಬಂದು ಚಾಪೆಯನ್ನು ಉದ್ದಕ್ಕೆ ಎರಡಾಗಿ ಮಡಚಿ, ಪಾದದಿಂದ ಒತ್ತಿ, ಗೆರೆಯೊಳಗೆ ಕೂರಿಸಿದ.

ಬೆಂಚಿನ ಹೆಂಗಸರೂ ನಕ್ಕರು. ಅಮ್ಮ ನಗಲಿಲ್ಲ. "ಹಾಗೆ ಮಡಚಿದರೆ ನಡುವಿಗೇ ಸೀಳುತ್ತದೆ" ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

ಅಪ್ಪ ಅಂಚಿನಲ್ಲಿ ಮಲಗುವುದು ಯಾಕೆಂದು ನನಗೂ ಆಗಲೇ ಹೊಳೆದದ್ದು. ಅಮ್ಮನಿಗೆ ಗೊತ್ತಾಗಬಾರದು ಎಂದು ಗಡಿಬಿಡಿಯಲ್ಲಿ ಸುಳ್ಳು ಹೇಳಿದೆ. "ಅದು ಧರ್ಮಶಾಲೆ ಅಮ್ಮ. ಒಂದು ರಾತ್ರಿಯ ಮಟ್ಟಿಗೆ ಮಾತ್ರ."

"ಹೌದಾ?" ಎಂದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ನೀರಿನ ಸರದಿ ಬಂತು. ಬೀದಿಯ ಉದ್ದಕ್ಕೂ ಕೊಡಪಾನಗಳು. "ನಳ್ಳಿ ಹೊರಗೆ ಉಂಟಲ್ಲ?"

"ಒಳಗಿನದ್ದು ರಿಪೇರಿಯಂತೆ."

ಆಮೇಲೆ ನಾನು ಸಿನಿಮಾವನ್ನು ಹೇಳಲೇ ಇಲ್ಲ, ನನ್ನದೇ ಒಂದು ಕಥೆ ಕಟ್ಟಿದೆ. ಪರದೆಯ ಮೇಲೆ ಕೊನೆಗೆ ಜ್ವರ ಬಂದ ಒಬ್ಬ ಹೊಸಬನಿಗಾಗಿ ಒಂಬತ್ತೂ ಜನ ನಾಲ್ಕು ನಾಲ್ಕು ಬೆರಳು ಜರುಗಿ, ಹಳೆಯ ಗೆರೆ ಒರೆಸಿ ಹೊಸದು ಎಳೆದರು. ಅದು ತಿಳಿಯಲು ಹಿಂದಿ ಬೇಕಾಗಿರಲಿಲ್ಲ. "ಒಳ್ಳೆ ಜನ. ಜಾಗ ಕೊಟ್ಟರು" ಎಂದಳು ಅಮ್ಮ.

ಆ ವಾರವೇ ಹೊಸ ಚಾಪೆ ಶುರುವಾಯಿತು. ಅಗಲ ಒಂದೂವರೆ ಮೊಳ, ಅಷ್ಟೇ. ಅಂಚನ್ನು ಮಾತ್ರ ಎರಡು ಪದರ ಮಡಿಸಿ ಹೆಣೆದಳು. ಕಾಗದದಲ್ಲಿ ಏನು ಬರೆಯಲಿ ಎಂದು ಕೇಳಿದರೆ "ಎಂತದೂ ಬೇಡ" ಎಂದಳು.

ತಿಂಗಳ ಮೇಲೆ ಅಪ್ಪನ ಕಾಗದ ಬಂತು. ಮಳೆ, ಕ್ಷೇಮ ಸಮಾಚಾರ ಎಲ್ಲ ಇತ್ತು, ಮಂಚ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, "ಚಾಪೆ ಸರಿಯಾಗಿ ಹಿಡಿಯಿತು. ಅಳತೆ ಯಾರು ಹೇಳಿದರು ಎಂದು ಅಮ್ಮನನ್ನು ಕೇಳು" ಎಂದಿತ್ತು.

"ಬರಿ" ಎಂದಳು ಅಮ್ಮ. "ನಾವು ಒಂದು ಸಿನಿಮಾ ನೋಡಿದೆವು. ಧರ್ಮಶಾಲೆಯದ್ದು."

ನನಗೆ ತಲೆ ಎತ್ತಲಾಗಲಿಲ್ಲ. ಅಮ್ಮ ಗೀರು ಬಿದ್ದ ಕೈಯಿಂದ ನನ್ನ ತಲೆ ಸವರಿ, "ಸುಳ್ಳು ಹೇಳುವುದರಲ್ಲಿ ನೀನು ಥೇಟು ಅಪ್ಪನ ಮಗಳೇ" ಎಂದಳು. ಅವಳು ನನ್ನನ್ನು ಅಷ್ಟು ಮುದ್ದಿನಿಂದ ಬೈದದ್ದು ನನಗೆ ಬೇರೆ ನೆನಪಿಲ್ಲ.

ಮುಂದಿನ ರಜೆಯಲ್ಲಿ ಅಪ್ಪ ಬಂದರು. ಕಟ್ಟಿಕೊಂಡು ಬಂದ ಚಾಪೆ ಸವೆದಿತ್ತು, ಸೀಳಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಚಾವಡಿಯಲ್ಲಿ ಮೂರೂವರೆ ಮೊಳದ ಚಾಪೆ ಹಾಸಿದಳು. ಅಪ್ಪ ಅಭ್ಯಾಸದಂತೆ ಅಂಚಿಗೆ ಹೋಗಿ ಮೈ ಮುದುಡಿದರು. ಈ ಸಲ ಅಮ್ಮ ಬೆಕ್ಕಿನ ಮಾತು ತೆಗೆಯಲಿಲ್ಲ. ಪಕ್ಕದಲ್ಲಿ ಕೂತು, ಅವರ ತೋಳು ಹಿಡಿದು ಮೆಲ್ಲಗೆ ಎಳೆದಳು.

"ನಡುವಿಗೆ ಬನ್ನಿ ಮಾರಾಯ್ರೆ. ಇಲ್ಲಿ ಗೆರೆ ಇಲ್ಲ."

ಅಪ್ಪ ಜರುಗಿ ನಡುವಿಗೆ ಬಂದು, ಅಂಗಾತ ಮಲಗಿ, ಎರಡೂ ಕೈ ಚಾಚಿದರು.